ಠಾಣೆಯ ಮಣ್ಣಿನ ಕಬಡ್ಡಿ ಮಕ್ಕಳು

ಸಂಜೆ ಆರೂವರೆಯ ಹೊತ್ತಿಗೆ ಡೊಂಬಿವಲಿಯ ರೈಲು ನಿಲ್ದಾಣ ಮುಂಬಯಿಯಿಂದ ಮರಳುವ ಜನರನ್ನು ಅಲೆಯಲೆಯಾಗಿ ಹೊರಚೆಲ್ಲುತ್ತಿರುತ್ತದೆ. ಊರೆಲ್ಲ ಮನೆಗೆ ಹಿಂತಿರುಗುವ ಆ ಹೊತ್ತಿನಲ್ಲಿ, ನಿಲ್ದಾಣದ ಪೂರ್ವಕ್ಕೆ, ನಾಲ್ಕಂತಸ್ತಿನ ಹಳೆಯ ಕಟ್ಟಡಗಳ ನಡುವೆ ಹೇಗೋ ಉಳಿದುಕೊಂಡಿರುವ ಒಂದು ಬಯಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳು ಸೇರುತ್ತಾರೆ. ಶಾಲೆಯ ಚೀಲಗಳು ಗೋಡೆಯ ಬುಡದಲ್ಲಿ ಸಾಲಾಗುತ್ತವೆ. ಅವುಗಳ ಮುಂದೆ ಚಪ್ಪಲಿಗಳು. ಇಬ್ಬರು ಹುಡುಗರು ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸುತ್ತಾರೆ. ಮತ್ತೊಬ್ಬ ಸುಣ್ಣದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಗೆರೆ ಎಳೆಯತೊಡಗುತ್ತಾನೆ. ಮೊದಲು ಮೂಡುವುದು ಮಧ್ಯರೇಖೆ. ಉಳಿದ ಗೆರೆಗಳೆಲ್ಲ ಅದರಿಂದ ಅಳೆದು ಹಾಕತಕ್ಕವು.

ಇದು ಕಬಡ್ಡಿಯ ಅಂಗಳ. ಗೋಡೆಗೆ ಒರಗಿಸಿದ ಮುರುಕು ಕುರ್ಚಿಯೊಂದರಲ್ಲಿ ಕುಳಿತು ಆ ಗೆರೆಗಳ ನೇರವನ್ನು ನೋಡುತ್ತಿರುವ ವೃದ್ಧರಿಗೆ ಮಕ್ಕಳು ಮಾಸ್ತರರೆನ್ನುತ್ತಾರೆ. ಅವರ ಹೆಸರು ಯಾವ ಕ್ರೀಡಾ ದಾಖಲೆಯಲ್ಲಿಯೂ ಇಲ್ಲ. ಎಪ್ಪತ್ತರ ದಶಕದಲ್ಲಿ ಕಾರ್ಕಳದ ಕಡೆಯ ಹಳ್ಳಿಯೊಂದರಿಂದ ಬಂದು, ಡೊಂಬಿವಲಿಯ ಕೈಗಾರಿಕಾ ವಸಾಹತಿನ ಕಾರ್ಖಾನೆಯಲ್ಲಿ ಮೂರು ದಶಕ ದುಡಿದು, ಪಾಳಿ ಮುಗಿದ ಸಂಜೆಗಳನ್ನೆಲ್ಲ ಈ ಅಂಗಳಕ್ಕೆ ಕೊಟ್ಟವರು ಅವರು. ನಿವೃತ್ತಿಯ ಅನಂತರ ಬೆಳಗುಗಳನ್ನೂ ಕೊಟ್ಟರು. ಅದಕ್ಕಾಗಿ ಯಾರಿಂದಲೂ ಅವರು ಹಣ ಪಡೆದದ್ದಿಲ್ಲ. ಕೊಡುತ್ತೇವೆಂದು ಬಂದವರೂ ಹೆಚ್ಚಿಲ್ಲ.

ಹೊರನಾಡ ಕನ್ನಡಿಗರ ಬದುಕನ್ನು ಕುರಿತು ಬರೆಯುವಾಗ ಹೋಟೆಲು, ಚಾಳು, ಲೋಕಲ್ ರೈಲು, ರಾತ್ರಿ ಶಾಲೆ, ಸಂಘಗಳ ಸಭಾಗೃಹ ಇವು ಸಹಜವಾಗಿ ಬರುತ್ತವೆ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಮೊದಲಾದವರ ಬರವಣಿಗೆಯಿಂದ ಈ ಮಹಾನಗರ ಕನ್ನಡ ಓದುಗನಿಗೆ ತನ್ನದೇ ಊರಿನಷ್ಟು ಪರಿಚಿತವಾಗಿದೆ. ಆದರೆ ನಗರದ ಅಂಚಿನಲ್ಲಿ, ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ, ಸಂಜೆಯಾದೊಡನೆ ಮಣ್ಣಿಗಿಳಿಯುವ ಮಕ್ಕಳ ಕಥೆ ಆ ಪರಿಚಯದ ಹೊರಗೇ ಉಳಿದಂತಿದೆ. ಒಂದು ಎಳೆಯ ಪ್ರತಿಭೆಯನ್ನು ಬೆಳೆಸುವುದೆಂದರೆ ಏನು, ಬೆಳೆಸಿದ ಮೇಲೆ ಅದು ಯಾರದು ಎಂಬ ಪ್ರಶ್ನೆಯನ್ನು ಈ ಅಂಗಳ ದಿನವೂ ಕೇಳುತ್ತಿರುತ್ತದೆ. ಭಾಷೆಯನ್ನೂ ವಿದ್ಯೆಯನ್ನೂ ಮುಂದಿನ ತಲೆಮಾರಿಗೆ ದಾಟಿಸುವ ಕೆಲಸದಲ್ಲಿರುವವರಿಗೆ ಆ ಪ್ರಶ್ನೆ ಅನ್ಯವಾದುದಲ್ಲ.

ಕಬಡ್ಡಿ ಮಹಾರಾಷ್ಟ್ರಕ್ಕೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿರುವಂತೆ ಇಲ್ಲಿಯೂ ಇದರ ಹಳೆಯ ಹೆಸರು ಹುತುತು. ದಕ್ಷಿಣದಲ್ಲಿ ಚೆಡುಗುಡು, ಬಂಗಾಳದಲ್ಲಿ ಹಾಡುಡು ಎಂದು ನಾನಾ ಹೆಸರುಗಳಲ್ಲಿ, ನಾನಾ ಪದ್ಧತಿಗಳಲ್ಲಿ ನಡೆಯುತ್ತಿದ್ದ ಈ ಆಟಕ್ಕೆ ಒಂದು ಕಟ್ಟುಪಾಡು ಒದಗಿದ್ದು ಮಹಾರಾಷ್ಟ್ರದಲ್ಲಿಯೇ. ೧೯೧೮ರಲ್ಲಿ ರೂಪುಗೊಂಡ ನಿಯಮಗಳು ೧೯೨೩ರಲ್ಲಿ ಅಚ್ಚಾದವು. ಅದೇ ವರ್ಷ ಬರೋಡೆಯಲ್ಲಿ ಆ ನಿಯಮಗಳಂತೆ ಅಖಿಲ ಭಾರತ ಪಂದ್ಯಾವಳಿ ನಡೆಯಿತು. ೧೯೩೬ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಇದನ್ನು ಪ್ರದರ್ಶಿಸಿದರು. ೧೯೯೦ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಪದಕದ ಆಟವಾಯಿತು. ಅಲ್ಲಿಂದ ೨೦೧೪ರವರೆಗೆ ಪುರುಷರ ವಿಭಾಗದ ಚಿನ್ನ ಭಾರತದ ಕೈ ತಪ್ಪಲಿಲ್ಲ. ಮಹಿಳೆಯರಿಗೆ ಆ ಅವಕಾಶ ಒದಗಲು ಮಾತ್ರ ೨೦೧೦ರ ಗುವಾಂಗ್‌ಝೌ ಕೂಟದವರೆಗೆ ಕಾಯಬೇಕಾಯಿತು.

ಆದರೆ ಠಾಣೆಯ ಬಯಲುಗಳಿಗೆ ಕಬಡ್ಡಿ ಬಂದ ದಾರಿ ಬೇರೆ. ಅದಕ್ಕೆ ಎರಡು ಬೇರುಗಳು. ಒಂದು, ಈ ನೆಲದ ಆಗ್ರಿ ಮತ್ತು ಕೋಳಿ ಜನರದು. ಗದ್ದೆ, ಉಪ್ಪಿನ ಆಗರ, ಖಾಡಿಯ ಮೀನುಗಾರಿಕೆ ಇವುಗಳನ್ನು ನಂಬಿದ ಹಳ್ಳಿಗಳಲ್ಲಿ ಸುಗ್ಗಿ ಕಳೆದ ಗದ್ದೆಯೇ ಅಂಗಳವಾಗುತ್ತಿತ್ತು. ೧೯೭೦ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬಯಿಯ ನಿರ್ಮಾಣಕ್ಕೆ ತೊಡಗಿದಾಗ ಆ ಗದ್ದೆಗಳ ಮೇಲೆ ಸೆಕ್ಟರುಗಳು ಎದ್ದವು. ಐರೋಳಿ, ಘನ್ಸೋಳಿ, ಕೋಪರ್‌ಖೈರಣೆಗಳಲ್ಲಿ ಹಳೆಯ ಗಾಂವ್‌ಠಾಣಗಳು ಹೊಸ ಕಟ್ಟಡಗಳ ನಡುವೆ ದ್ವೀಪಗಳಂತೆ ಉಳಿದವು. ನೆಲ ಹೋದರೂ ಆಟ ಹೋಗಲಿಲ್ಲ. ಊರ ದೇವಸ್ಥಾನದ ಮುಂದಣ ಅಂಗಳಕ್ಕೆ ಸರಿಯಿತು.

ಇನ್ನೊಂದು ಬೇರು ಮುಂಬಯಿಯ ಗಿರಣಿಗಳ ಪ್ರದೇಶದ್ದು. ಲಾಲ್‌ಬಾಗ್, ಪರೇಲ್, ವರ್ಲಿಗಳ ಚಾಳುಗಳಲ್ಲಿ ಒಂದೊಂದು ಓಣಿಗೂ ಒಂದೊಂದು ಕ್ರೀಡಾ ಮಂಡಳವಿತ್ತು. ೧೯೮೨ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ತರುವಾಯ ಕೆಲಸ ಕಳೆದುಕೊಂಡ ಕುಟುಂಬಗಳನೇಕ ಕಡಮೆ ಬಾಡಿಗೆಯ ಮನೆಗಳನ್ನರಸಿ ಕಲ್ಯಾಣ, ಡೊಂಬಿವಲಿಗಳತ್ತ ಬಂದವು. ಅವರ ಮಕ್ಕಳೊಂದಿಗೆ ಮಂಡಳದ ಅಭ್ಯಾಸವೂ ಬಂತು. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ಕನ್ನಡಿಗರು ಇವರ ನೆರೆಯವರಾದರು. ಹೋಟೆಲಿನಲ್ಲಿ, ಠಾಣೆ–ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ, ವಾಗಳೆ ಎಸ್ಟೇಟಿನಲ್ಲಿ ದುಡಿಯುತ್ತಿದ್ದ ಇವರಿಗೂ ಕಬಡ್ಡಿ ಊರಿನಲ್ಲಿಯೇ ಗೊತ್ತಿದ್ದ ಆಟ. ಹೀಗೆ ಮೂರು ಬಗೆಯ ವಲಸೆ ಒಂದು ಮಣ್ಣಿನ ಚೌಕದಲ್ಲಿ ಕೂಡಿಕೊಂಡಿತು.

ಠಾಣೆಯನ್ನು ಚಿಕ್ಕ ಜಿಲ್ಲೆಯೆಂದರೆ ಜನಗಣತಿ ಒಪ್ಪುವುದಿಲ್ಲ. ೨೦೧೧ರಲ್ಲಿ ಒಂದು ಕೋಟಿ ಹತ್ತು ಲಕ್ಷವನ್ನು ಮೀರಿದ ಜನಸಂಖ್ಯೆಯಿಂದ ಇದು ದೇಶದ ಅತ್ಯಂತ ಜನಭರಿತ ಜಿಲ್ಲೆಯಾಗಿತ್ತು. ೨೦೧೪ರ ಆಗಸ್ಟ್ ೧ರಂದು ಪಾಲ್ಘರ್ ಪ್ರತ್ಯೇಕಗೊಂಡ ಬಳಿಕವೂ ಸಣ್ಣದಾಗಲಿಲ್ಲ. ಆದರೂ ಆಟದ ಲೆಕ್ಕದಲ್ಲಿ ಇದು ದೊಡ್ಡ ಮರದ ನೆರಳಿನಲ್ಲಿರುವ ಗಿಡ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ರೈಲು ಇಪ್ಪತ್ತೊಂದು ಮೈಲಿಯ ಹಾದಿಯನ್ನಷ್ಟೇ ತೆರೆಯಲಿಲ್ಲ. ಇಲ್ಲಿ ಬೆಳೆದದ್ದು ಅಲ್ಲಿಗೆ ಸಾಗುವ ಒಂದು ಪರಿಪಾಠವನ್ನೂ ತೆರೆಯಿತು. ತರಕಾರಿ, ಹಾಲು, ಕೂಲಿ, ಗುಮಾಸ್ತರು, ಕೊನೆಗೆ ಆಟಗಾರರು. ಮುಂಬಯಿಯ ಮಂಡಳಗಳಿಗೆ ಹೆಸರಿದೆ; ಬ್ಯಾಂಕು, ರೈಲ್ವೆ, ತೈಲ ಕಂಪೆನಿಗಳ ತಂಡಗಳ ಕಣ್ಣು ಅವುಗಳ ಮೇಲಿದೆ. ಹದಿನೇಳರ ಹುಡುಗನೊಬ್ಬ ಚೆನ್ನಾಗಿ ಆಡುತ್ತಾನೆಂಬ ಸುದ್ದಿ ವೇಗದ ಲೋಕಲಿಗಿಂತ ಬೇಗ ದಾದರ್ ತಲುಪುತ್ತದೆ.

ಈ ಸಂಕಟ ಠಾಣೆಯದು ಮಾತ್ರವಲ್ಲ. ದೊಡ್ಡದರ ಮಗ್ಗುಲಲ್ಲಿ ಬದುಕುವ ಚಿಕ್ಕ ಸೀಮೆಗಳೆಲ್ಲ ಇದನ್ನು ಬಲ್ಲವು. ಐರ್ಲೆಂಡ್ ದೇಶಕ್ಕೂ ಕಬಡ್ಡಿಯಂತೆ ನೆಲದಿಂದೆದ್ದ ತನ್ನದೇ ಆಟವೊಂದಿದೆ. ಗೇಲಿಕ್ ಫುಟ್‌ಬಾಲ್ ಎಂದು ಅದರ ಹೆಸರು. ೧೮೮೪ರ ನವೆಂಬರ್ ೧ರಂದು ಥರ್ಲ್ಸ್ ಎಂಬ ಪಟ್ಟಣದಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದು ಆ ಆಟವನ್ನು ಇಂದಿಗೂ ನಡೆಸುತ್ತಿದೆ. ಅಲ್ಲಿ ಆಟಗಾರನಿಗೆ ಸಂಬಳವಿಲ್ಲ. ಅವನು ಸಾಮಾನ್ಯವಾಗಿ ತಾನು ಹುಟ್ಟಿ ಬೆಳೆದ ಊರಿನ ಪರವಾಗಿ, ಆ ಊರಿರುವ ಕೌಂಟಿಯ ಪರವಾಗಿ ಆಡುತ್ತಾನೆ. ಲೀಟ್ರಿಮ್ ಎಂಬುದು ಅಲ್ಲಿನ ಅತಿ ಕಡಮೆ ಜನವಸತಿಯ ಕೌಂಟಿ. ಮೂವತ್ತೈದು ಸಾವಿರದಷ್ಟು ಜನ. ಅದು ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದಿಲ್ಲ. ತನ್ನ ಪ್ರಾಂತದ ಪ್ರಶಸ್ತಿಯನ್ನು ೧೯೨೭ರಲ್ಲಿ ಗೆದ್ದು, ಎರಡನೆಯ ಬಾರಿ ಗೆಲ್ಲಲು ೧೯೯೪ರವರೆಗೆ ಕಾದಿತು. ಅರುವತ್ತೇಳು ವರ್ಷಗಳ ಆ ಅವಧಿಯಲ್ಲಿ ಪ್ರತಿ ತಲೆಮಾರಿನಲ್ಲಿಯೂ ಯಾರೋ ಕೆಲವರು ಮಕ್ಕಳನ್ನು ಸೇರಿಸಿ ಕಲಿಸುತ್ತ ಬಂದಿರಬೇಕು. ಇಲ್ಲವಾದರೆ ೧೯೯೪ರಲ್ಲಿ ಅಂಗಳಕ್ಕಿಳಿಯಲು ಅಲ್ಲಿ ತಂಡವೇ ಇರುತ್ತಿರಲಿಲ್ಲ. ಅಲ್ಲಿ ಆಟಗಾರನನ್ನು ನೆಲಕ್ಕೆ ಕಟ್ಟಿಹಾಕುವ ಒಂದು ಕಟ್ಟಳೆಯಿದೆ. ಡೊಂಬಿವಲಿಯ ಅಂಗಳಕ್ಕೆ ಅಂಥ ಆಸರೆಯಿಲ್ಲ. ಇಲ್ಲಿ ಕಲಿಸುವವನು ಕಲಿತವನು ಹೋಗುವನೆಂದು ತಿಳಿದೇ ಕಲಿಸಬೇಕು.

ಮಾಸ್ತರರ ಅಭ್ಯಾಸಕ್ರಮ ಬಹು ಸರಳ. ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳಿಗೆ ಅವರು ಮೊದಲ ಆರು ತಿಂಗಳು ಪಂದ್ಯವಾಡಿಸುವುದಿಲ್ಲ. ಮೊದಲು ಬೀಳುವುದನ್ನು ಕಲಿಸುತ್ತಾರೆ: ಭುಜ ಒಳಗೆ, ಗದ್ದ ಎದೆಗೆ, ಅಂಗೈ ನೆಲಕ್ಕೆ ಊರಬಾರದು. ಎರಡನೆಯದು ಉಸಿರು. ದಾಳಿಗೆ ಮೂವತ್ತು ಸೆಕೆಂಡುಗಳ ಮಿತಿಯಿದೆ. ಅಷ್ಟು ಹೊತ್ತು 'ಕಬಡ್ಡಿ ಕಬಡ್ಡಿ' ಎಂಬ ಉಚ್ಚಾರ ಸ್ಪಷ್ಟವಾಗಿ, ಎದುರಾಳಿಗೂ ನಿರ್ಣಾಯಕನಿಗೂ ಕೇಳುವಂತೆ ನಡೆಯಬೇಕು. ಮೂರನೆಯದು ಪಾದ. ತೂಕ ಮುಂಗಾಲಿನ ಮೇಲೆ, ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದಂತೆ. ಬಳಿಕ ಗೆರೆಗಳ ಪರಿಚಯ. ಮಧ್ಯರೇಖೆಯಿಂದ ದೊಡ್ಡವರಿಗೆ ಮೂರು ಮುಕ್ಕಾಲು ಮೀಟರು, ಚಿಕ್ಕವರಿಗೆ ಮೂರು ಮೀಟರು ದೂರದಲ್ಲಿ ಮರಾಠಿಯವರು 'ನಿದಾನ ರೇಷಾ' ಎನ್ನುವ ಗೆರೆಯಿದೆ. ಯಾರನ್ನೂ ಮುಟ್ಟದಿದ್ದರೂ ಅದನ್ನಾದರೂ ದಾಟದೆ ದಾಳಿಗಾರ ಹಿಂತಿರುಗುವಂತಿಲ್ಲ. ಅದರ ಆಚೆ ಒಂದು ಮೀಟರಿಗೆ ಬೋನಸ್ ಗೆರೆ. ಮುಟ್ಟುವುದು, ಒದೆಯುವುದು, ಹಿಡಿಯುವುದು ಎಲ್ಲವೂ ಇವುಗಳ ಅನಂತರವೇ.

ಮಕ್ಕಳಿಗೆ ಈ ಆರು ತಿಂಗಳು ಬೇಸರ. ತಂದೆತಾಯಿಯರಿಗೆ ಅದಕ್ಕಿಂತ ಹೆಚ್ಚು. ಪಕ್ಕದ ಬಯಲಿನಲ್ಲಿ ಕಲಿಯುವ ಹುಡುಗ ಆಗಲೇ ಪಂದ್ಯವಾಡಿ ಪದಕ ತಂದಿರುತ್ತಾನೆ. ಮಾಸ್ತರರು ವಾದಿಸುವುದಿಲ್ಲ. ಎಳೆಯ ಮೂಳೆಗೆ ತನ್ನದೇ ಆದ ಪಂಚಾಂಗವಿದೆಯೆಂದು ಮಾತ್ರ ಹೇಳುತ್ತಾರೆ. ಆ ಮಾತಿನ ಹಿಂದೆ ಅವರದೇ ಒಂದು ತಪ್ಪಿನ ನೆನಪಿದೆ.

ಕಬಡ್ಡಿಯಲ್ಲಿ ವಯಸ್ಸಿಗೂ ತೂಕಕ್ಕೂ ಮಿತಿಯಿದೆ. ಮಹಾರಾಷ್ಟ್ರದಲ್ಲಿ ಕಿಶೋರ ಗಟ್ಟವೆಂದು ಕರೆಯಲಾಗುವ ಹದಿನಾರರೊಳಗಿನ ವಿಭಾಗಕ್ಕೆ ಐವತ್ತೈದು ಕಿಲೋ, ಇಪ್ಪತ್ತರೊಳಗಿನ ಕುಮಾರ ಗಟ್ಟಕ್ಕೆ ಎಪ್ಪತ್ತು ಕಿಲೋ. ಬೆಳೆಯುವ ಹುಡುಗನ ಮೈ ಈ ಲೆಕ್ಕವನ್ನು ಕೇಳುವುದಿಲ್ಲ. ಬಹಳ ವರ್ಷಗಳ ಹಿಂದೆ ಜಿಲ್ಲಾ ಆಯ್ಕೆಗೆ ಮೂರು ದಿನವಿರುವಾಗ ಒಬ್ಬ ಹುಡುಗನ ತೂಕ ಐವತ್ತೇಳು ತೋರಿಸಿತು. ಅವನ ತಂದೆ ಠಾಣೆಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವನು. ಮಗನ ಆಟದಿಂದ ಮನೆಗೊಂದು ಸರಕಾರಿ ನೌಕರಿ ಬಂದೀತೆಂಬ ಆಸೆ ಅವನದು. ಊಟ ಬಿಡಿಸಿದರು, ನೀರು ಕಡಮೆ ಮಾಡಿಸಿದರು, ಬೇಸಗೆಯಲ್ಲಿ ಮಳೆಯಂಗಿ ತೊಡಿಸಿ ಓಡಿಸಿದರು. ಮಾಸ್ತರರು ತಡೆಯಲಿಲ್ಲ. ಎಲ್ಲರೂ ಮಾಡುವುದನ್ನೇ ಮಾಡಿದಂತಾಯಿತು ಎಂದುಕೊಂಡರು. ಆಯ್ಕೆಯ ಬೆಳಗು ತಕ್ಕಡಿ ಐವತ್ತೈದನ್ನು ತೋರಿಸಿತು. ಎರಡನೆಯ ದಾಳಿಯಲ್ಲಿ ಹುಡುಗ ಮಧ್ಯರೇಖೆಯ ಆಚೆ ಕುಸಿದು ಬಿದ್ದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಕಳೆದು ಅವನು ಚೇತರಿಸಿಕೊಂಡನಾದರೂ ಅಂಗಳಕ್ಕೆ ಮತ್ತೆ ಬರಲಿಲ್ಲ. ಅವನ ತಾಯಿ ಒಂದು ದಿನ ಬಂದು, 'ಮಾಸ್ಟ್ರೇ, ನಮಗಾದರೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಲ್ಲ' ಎಂದಷ್ಟೇ ಹೇಳಿ ಹೋದಳು.

ಅಂದಿನಿಂದ ಅವರ ಅಂಗಳದಲ್ಲಿ ತೂಕಕ್ಕಾಗಿ ಉಪವಾಸವಿಲ್ಲ. ಮಿತಿ ಮೀರಿದವನು ಆ ವರ್ಷ ಕಿಶೋರ ತಂಡದ ಆಸೆ ಬಿಟ್ಟು ಎರಡು ವರ್ಷ ಕುಮಾರ ಗಟ್ಟಕ್ಕೆ ಕಾಯಬೇಕು. ಇದರಿಂದ ಕೆಲವರು ಅಂಗಳ ಬಿಟ್ಟು ಹೋಗುತ್ತಾರೆ. ಹೋದವರಲ್ಲಿ ಪ್ರತಿಭಾವಂತರೂ ಇರುತ್ತಾರೆ. ಹಾಗೆ ಕಳೆದುಕೊಂಡವರ ಲೆಕ್ಕವನ್ನು ಮಾಸ್ತರರು ಇಟ್ಟಿಲ್ಲ. ಆ ತಾಯಿಯ ಒಂದು ಮಾತಿನ ಮುಂದೆ ಅದು ದೊಡ್ಡ ಲೆಕ್ಕವಲ್ಲವೆಂದು ಅವರ ನಂಬಿಕೆ.

ಹುಡುಗಿಯರು ಅಂಗಳಕ್ಕೆ ಬಂದದ್ದು ತಡವಾಗಿ. ಬಂದವರನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಹದಿನೈದರ ವಯಸ್ಸಿಗೆ ಮನೆಯಲ್ಲಿ ಪ್ರಶ್ನೆಗಳು ಏಳುತ್ತವೆ: ಮೊಣಕೈ ತರಚಿಕೊಂಡ ಹುಡುಗಿಯನ್ನು ನಾಳೆ ಯಾರು ನೋಡಿಯಾರು, ರಾತ್ರಿ ಎಂಟಕ್ಕೆ ಯಾರು ಕರೆತಂದಾರು, ಹತ್ತನೆಯ ತರಗತಿ ಏನಾದೀತು. ಇಂಥ ಮನೆಗಳಿಗೆ ಮಾಸ್ತರರು ತಾವೇ ಹೋಗುತ್ತಾರೆ. ಉಪದೇಶ ಮಾಡುವುದಿಲ್ಲ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯ ಸುದ್ದಿ ತೆಗೆಯುತ್ತಾರೆ. ಹಳ್ಳಿಯ ಕೃಷಿಕರ ಮನೆಯಲ್ಲಿ ಹುಟ್ಟಿ, ರೈಲ್ವೆಯಲ್ಲಿ ಉದ್ಯೋಗ ಪಡೆದು, ೨೦೧೦ ಹಾಗೂ ೨೦೧೪ರ ಏಷ್ಯನ್ ಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿ, ೨೦೧೪ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರಳಾದ ಆಕೆ ಇಲ್ಲಿಯ ಎಷ್ಟೋ ಮನೆಗಳಿಗೆ ಊರ ಕಡೆಯ ಹುಡುಗಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿರುವ ಅಜ್ಜಿ, 'ಅದು ನಮ್ಮ ಅಜೆಕಾರಿನ ಹತ್ತಿರವಲ್ಲವೋ' ಎಂದರೆ ಅರ್ಧ ಕೆಲಸವಾದಂತೆ. ಉಳಿದರ್ಧ, ರಾತ್ರಿ ಎಂಟರ ಪ್ರಶ್ನೆ. ಅದಕ್ಕೆ ಅವರು ಕಂಡುಕೊಂಡ ಉತ್ತರ ಸುಲಭವಾದುದು: ಹುಡುಗಿಯರ ಅಭ್ಯಾಸ ಬೆಳಗಿನ ಆರಕ್ಕೆ. ನಿವೃತ್ತಿಯ ಬೆಳಗುಗಳು ಹೋದದ್ದು ಹೀಗೆ.

ಅಂಗಳದ ಇನ್ನೊಂದು ಚಿಂತೆ ನೆಲದ್ದೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಠಾಣೆಯ ಮಳೆ ಬಯಲನ್ನು ಕೆಸರು ಮಾಡುತ್ತದೆ. ಆ ತಿಂಗಳುಗಳಲ್ಲಿ ಹುಡುಗರು ಗೋಕುಲಾಷ್ಟಮಿಯ ದಹಿಹಂಡಿಗೆಂದು ಮಾನವ ಗೋಪುರ ಕಟ್ಟುವ ಅಭ್ಯಾಸಕ್ಕೆ ಹೊರಡುತ್ತಾರೆ. ಮಳೆ ನಿಂತು ಮಣ್ಣು ಗಟ್ಟಿಯಾಗುವಾಗ ದೀಪಾವಳಿ ಬಂದಿರುತ್ತದೆ. ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿದೆ. ದೊಡ್ಡ ಪಂದ್ಯಗಳೆಲ್ಲ ಈಗ ಚಾಪೆಯ ಮೇಲೆ, ಬೂಟು ತೊಟ್ಟು ಆಡತಕ್ಕವು. ಬರಿಗಾಲಿನಲ್ಲಿ ಮಣ್ಣನ್ನು ಬೆರಳುಗಳಿಂದ ಕಚ್ಚಿ ಹಿಡಿದು ತಿರುಗಿ ಅಭ್ಯಾಸವಾದ ಮೊಣಕಾಲು ಚಾಪೆಯ ಮೇಲೆ ಅದೇ ತಿರುವನ್ನು ತೆಗೆದುಕೊಂಡಾಗ ಪಾದ ಅಂಟಿಕೊಂಡು ನಿಲ್ಲುತ್ತದೆ. ಮೈ ಮಾತ್ರ ತಿರುಗುತ್ತದೆ. ಮಂಡಿಯ ಒಳಗಿನ ತಂತು ಹರಿಯುವುದು ಆಗ. ಠಾಣೆಯ ದಾದೋಜಿ ಕೊಂಡದೇವ ಕ್ರೀಡಾಂಗಣದಂಥ, ಡೊಂಬಿವಲಿಯ ಸಾವಳಾರಾಮ ಮಹಾರಾಜ ಕ್ರೀಡಾ ಸಂಕುಲದಂಥ ವಿಶಾಲ ತಾಣಗಳು ಜಿಲ್ಲೆಯಲ್ಲಿರುವುದು ನಿಜ. ಆದರೆ ಓಣಿಯ ಹುಡುಗನಿಗೆ ದಿನವೂ ಕೈಗೆಟಕುವುದು ಮನೆಯ ಮುಂದಿನ ಬಯಲು. ಅದರಲ್ಲಿ ಇಂದು ಒಂದು ಬದಿಗೆ ವಾಹನಗಳು ನಿಲ್ಲುತ್ತವೆ. ಮದುವೆಯ ದಿನಗಳಲ್ಲಿ ಮಂಟಪ ಏಳುತ್ತದೆ. ಚಾಪೆ ಬೇಡವೆಂದಲ್ಲ, ಹಾಸಲು ಜಾಗ ಬೇಕಲ್ಲ ಎಂಬುದು ಅಂಗಳದವರ ಮಾತು.

ಇಷ್ಟೆಲ್ಲ ಇದ್ದೂ ಆಟಗಾರರು ಬರುತ್ತಿದ್ದಾರೆ. ಎಡಮೂಲೆಯ ರಕ್ಷಣೆಗೆ ಹೆಸರಾದ ಗಿರೀಶ ಎರ್ನಾಕ್ ಕಲ್ಯಾಣದವನು. ಮುಂಬಯಿಯಲ್ಲಿಯೇ ಬೆಳೆದ ರಿಶಾಂಕ್ ದೇವಾಡಿಗನ ಕುಲನಾಮ ತುಳುನಾಡಿನ ನಂಟನ್ನು ತಾನೇ ಹೇಳುತ್ತದೆ. ಆತನ ನಾಯಕತ್ವದಲ್ಲಿ ಮಹಾರಾಷ್ಟ್ರ ೨೦೧೮ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಜಕಾರ್ತದ ಏಷ್ಯನ್ ಕೂಟಕ್ಕೆ ಹೋದ ಭಾರತ ತಂಡದಲ್ಲಿ ಇಬ್ಬರೂ ಇದ್ದರು. ಭಾರತ ಮೊತ್ತಮೊದಲ ಬಾರಿಗೆ ಚಿನ್ನ ಕಳೆದುಕೊಂಡದ್ದೂ ಆ ಕೂಟದಲ್ಲಿಯೇ. ಉಪಾಂತ್ಯದಲ್ಲಿ ಇರಾನ್ ಗೆದ್ದಿತು. ಡೊಂಬಿವಲಿಯ ಅಂಗಳದಲ್ಲಿ ಅಂದು ಅಭ್ಯಾಸ ನಡೆಯಲಿಲ್ಲ. ಮರುದಿನ ಎಂದಿನಂತೆ ಗೆರೆ ಎಳೆದರು.

೨೦೧೪ರ ಜುಲೈಯಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದುದು ಈ ಮಕ್ಕಳ ಕನಸಿನ ಆಕಾರವನ್ನೇ ಬದಲಿಸಿತು. ಅದರ ಮೊದಲ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ೧೨ ಲಕ್ಷ ೮೦ ಸಾವಿರ ರೂಪಾಯಿ. ೨೦೨೩ರ ಹರಾಜಿನಲ್ಲಿ ಒಬ್ಬ ಆಟಗಾರನಿಗೆ ೨ ಕೋಟಿ ೬೦ ಲಕ್ಷಕ್ಕೂ ಮಿಕ್ಕಿ ದೊರೆಯಿತು. ಹಿಂದಿನವರ ಗುರಿ ಕ್ರೀಡಾ ಮೀಸಲಾತಿಯ ಒಂದು ನೌಕರಿ, ತಿಂಗಳ ಸಂಬಳ, ಕಲ್ಯಾಣದಲ್ಲೊಂದು ಮನೆ. ಇಂದಿನ ಹುಡುಗನಿಗೆ ಗೋಡೆಯ ಮೇಲಿನ ದೂರದರ್ಶನದಲ್ಲಿ ತನ್ನಂಥವನೇ ಒಬ್ಬ ದೀಪಗಳ ನಡುವೆ ತೊಡೆ ತಟ್ಟುವುದು ಕಾಣುತ್ತದೆ. ಇದನ್ನು ಹಳಿಯುವುದು ಅನ್ಯಾಯ. ಬೆವರಿಗೆ ಬೆಲೆ ಬಂದದ್ದು ಒಳ್ಳೆಯದೇ. ಆದರೆ ಒಂದೊಂದು ತಂಡಕ್ಕೂ ಬೇಕಾಗುವವರು ಇಪ್ಪತ್ತರಷ್ಟು ಮಂದಿ. ಬಯಲುಗಳಲ್ಲಿ ಆಡುವವರು ಸಾವಿರಾರು. ಉಳಿದವರ ಗತಿಯನ್ನು ಯೋಚಿಸುವ ಹೊಣೆ ಕೊನೆಗೂ ಬೀಳುವುದು ಮುರುಕು ಕುರ್ಚಿಯ ಮಾಸ್ತರರ ಮೇಲೆ.

ಅವರ ಅಂಗಳದಿಂದ ಕೆಲವು ವರ್ಷಗಳ ಹಿಂದೆ ಹೊರಟ ಹುಡುಗನೊಬ್ಬನಿದ್ದ. ಮನೆಮಾತು ಕನ್ನಡ, ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ಹಾವಿನಂಥ ಚುರುಕು, ಎರಡು ಕಡೆಗೂ ತಿರುಗುವ ಸೊಂಟ. ಹದಿನೇಳಕ್ಕೆ ಮುಂಬಯಿಯ ಮಂಡಳವೊಂದು ಕರೆಯಿತು. ಅನುಮತಿ ಕೇಳಲು ಬಂದಾಗ ಮಾಸ್ತರರು ಬೇಡವೆನ್ನಲಿಲ್ಲ. ಮಂಡಿಗೆ ಬೇಕಾದ ವ್ಯಾಯಾಮಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ಓದು ಬಿಡಬೇಡವೆಂದರು. ಮೂರು ವರ್ಷ ಅವನ ಸುದ್ದಿ ಪತ್ರಿಕೆಯ ಒಳಪುಟಗಳಲ್ಲಿ ಬರುತ್ತಿತ್ತು. ಒಂದೊಂದು ವಾರ ಮೂರು ಪಂದ್ಯಾವಳಿಗಳು, ಒಂದು ರಾತ್ರಿ ರಾಯಗಡದಲ್ಲಿ, ಮರುರಾತ್ರಿ ಪುಣೆಯಲ್ಲಿ. ಕಾಲೇಜು ನಡುವೆಯೇ ನಿಂತಿತು. ನಾಲ್ಕನೆಯ ವರ್ಷ ಮಂಡಿ ಮುರಿಯಿತು. ಅನಂತರ ಪತ್ರಿಕೆಯಲ್ಲಿ ಹೆಸರು ಬರಲಿಲ್ಲ. ಮಂಡಳದವರು ಕೆಟ್ಟವರೆಂದಲ್ಲ, ಅವರ ಅಂಗಳಕ್ಕೂ ಹೊಸ ಹುಡುಗರು ಬರುತ್ತಿದ್ದರು.

ಕಬಡ್ಡಿಯ ಮೂಲವನ್ನು ಜನ ಅಭಿಮನ್ಯುವಿನ ಕಥೆಯೊಂದಿಗೆ ಹೊಂದಿಸಿ ಹೇಳುವುದುಂಟು. ಇತಿಹಾಸಕ್ಕೆ ಅದು ನಿಲ್ಲಲಾರದು. ಆದರೆ ಅರ್ಥಕ್ಕೆ ನಿಲ್ಲುತ್ತದೆ. ಏಳು ಮಂದಿ ಕೈ ಕೈ ಹಿಡಿದು ಅರ್ಧವೃತ್ತವಾಗಿ ನಿಂತ ವ್ಯೂಹದೊಳಕ್ಕೆ ಒಬ್ಬನೇ ಹೋಗುತ್ತಾನೆ. ಪಂಪನಿಂದ ಕುಮಾರವ್ಯಾಸನವರೆಗೆ, ಯಕ್ಷಗಾನದ ರಂಗಸ್ಥಳದವರೆಗೆ, ಕನ್ನಡಿಗರು ಆ ಎಳೆಯನ ಶೌರ್ಯಕ್ಕೆ ಮರುಗುತ್ತ ಬಂದಿದ್ದಾರೆ. ಅವನಿಗೆ ಒಳಹೋಗುವ ವಿದ್ಯೆ ಸಿಕ್ಕಿತ್ತು, ಹೊರಬರುವ ವಿದ್ಯೆ ಸಿಕ್ಕಿರಲಿಲ್ಲ. ಕಬಡ್ಡಿಯ ನಿಯಮ ಈ ವಿಷಯದಲ್ಲಿ ಕಟುವಾದುದು. ದಾಳಿಗಾರ ಎದುರಾಳಿಗಳಲ್ಲಿ ಎಷ್ಟು ಮಂದಿಯನ್ನು ಮುಟ್ಟಿದರೂ ಉಸಿರು ಕಡಿಯುವ ಮೊದಲು ಮಧ್ಯರೇಖೆಗೆ ಮರಳಿದರಷ್ಟೇ ಆ ಮುಟ್ಟಿಗೆ ಅಂಕ. ಮರಳದವನ ಸಾಹಸ ಎದುರಾಳಿಯ ಲೆಕ್ಕಕ್ಕೆ ಸೇರುತ್ತದೆ.

ಹುಡುಗನ ಸುದ್ದಿ ತಿಳಿದ ದಿನ ಮಾಸ್ತರರು ತಮ್ಮ ಹಳೆಯ ಗೆಳೆಯರೊಬ್ಬರಲ್ಲಿ ಹೇಳಿದ್ದು ಇದನ್ನೇ: 'ಒಳಗೆ ಹೋಗುವುದನ್ನು ಕಲಿಸಿದೆ ಮಾರಾಯರೆ. ಹೊರಗೆ ಬರುವುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ.' ಗೆಳೆಯರು ಸಮಾಧಾನ ಹೇಳಲಿಲ್ಲ. ಇಬ್ಬರೂ ಚಹಾ ಕುಡಿದು ಎದ್ದರು. ಮರುವಾರ ಮಾಸ್ತರರು ಹುಡುಗನ ಮನೆ ಹುಡುಕಿಕೊಂಡು ಹೋದರು. ಆಮೇಲೆ ಎಂಟು ತಿಂಗಳು, ವಾರಕ್ಕೆರಡು ಸಲ, ಅವನನ್ನು ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯುವ ಕೆಲಸ ಅವರದಾಯಿತು. ದಾರಿಯಲ್ಲಿ ಆಟದ ಮಾತಿಲ್ಲ. ದೂರಶಿಕ್ಷಣದಲ್ಲಿ ಪದವಿ ಮುಗಿಸುವ ಮಾತು ಮಾತ್ರ.

ಇಲ್ಲಿ ಕನ್ನಡ ಸಂಘಗಳ ನೆನಪಾಗುವುದು ಸಹಜ. ಮುಂಬಯಿಯ ಹೋಟೆಲು ಮಾಣಿಗಳನ್ನು ಪದವೀಧರರನ್ನಾಗಿಸಿದ ರಾತ್ರಿ ಶಾಲೆಗಳು ಸರಕಾರದ ಯೋಜನೆಗಳಾಗಿರಲಿಲ್ಲ. ದುಡಿದು ದಣಿದವರು ತಮ್ಮ ಕಿರಿಯರಿಗಾಗಿ ಕಟ್ಟಿದವು. ಆ ಶಾಲೆಗಳ ವಿಶೇಷವೆಂದರೆ ಕಲಿತವರಲ್ಲಿ ಹಲವರು ಕಲಿಸಲು ಮರಳಿ ಬಂದದ್ದು. ಠಾಣೆಯಲ್ಲಿಯೂ ಡೊಂಬಿವಲಿಯಲ್ಲಿಯೂ ನವಿ ಮುಂಬಯಿಯಲ್ಲಿಯೂ ಇರುವ ಸಂಘಗಳು ಶಾಲೆಗಳನ್ನು ನಡೆಸಿವೆ, ಯಕ್ಷಗಾನ ಭಜನೆಗಳನ್ನು ಉಳಿಸಿವೆ, ವರ್ಷಕ್ಕೊಮ್ಮೆ ಕ್ರೀಡಾದಿನವನ್ನೂ ಮಾಡುತ್ತವೆ. ವರ್ಷದ ಒಂದು ದಿನ ಬಹುಮಾನ ಕೊಡುವುದಕ್ಕೂ ವರ್ಷದ ಮುನ್ನೂರು ಸಂಜೆ ಒಬ್ಬ ಹುಡುಗನನ್ನು ಕಾಯುವುದಕ್ಕೂ ಇರುವ ಅಂತರವನ್ನು ಅವು ಇ‌ನ್ನೂ ದಾಟಬೇಕಾಗಿದೆ. ಹಣಕ್ಕಿಂತ ಹೆಚ್ಚಾಗಿ ಇಲ್ಲಿ ಬೇಕಾದದ್ದು ವೈದ್ಯನೊಬ್ಬನ ಒಂದು ಸಂಜೆ, ಅಧ್ಯಾಪಕನೊಬ್ಬನ ಒಂದು ಭಾನುವಾರ.

ಅಂಗಳದ ಮಾತು ಮರಾಠಿ. 'ಚಢಾಯಿ', 'ಪಕಡ್', 'ಲೋಣ್' ಎಂಬ ಪದಗಳಲ್ಲಿಯೇ ಮಕ್ಕಳು ಯೋಚಿಸುತ್ತಾರೆ. ಕನ್ನಡ ಮನೆಯ ಹುಡುಗ ಗೆದ್ದಾಗ ಮರಾಠಿಯಲ್ಲಿ ಕೂಗುತ್ತಾನೆ. ಬಿದ್ದಾಗ 'ಅಮ್ಮಾ' ಎನ್ನುತ್ತಾನೆ. ಮಾಸ್ತರರಿಗೆ ಇದರಲ್ಲಿ ಕೊರತೆಯೇನೂ ಕಾಣದು. ಎದುರಿನ ಅರ್ಧಕ್ಕೆ ಹೋಗಿ ಬರುವುದೇ ಆಟವಾಗಿರುವಾಗ ಎರಡು ಮಾತುಗಳ ನಡುವಿನ ಗೆರೆಗೆ ಅವರು ಅಂಜುವವರಲ್ಲ. ಮನೆಗೆ ಮರಳುವ ದಾರಿ ಗೊತ್ತಿದ್ದರಾಯಿತು.

ಕಬಡ್ಡಿಯಲ್ಲಿ ಇನ್ನೊಂದು ನಿಯಮವಿದೆ. ಔಟಾದವನು ಸೋತು ಮನೆಗೆ ಹೋಗುವುದಿಲ್ಲ. ಗೆರೆಯ ಹೊರಗೆ, ಔಟಾದ ಕ್ರಮದಲ್ಲಿಯೇ ಕುಳಿತು ಕಾಯುತ್ತಾನೆ. ತನ್ನವನೊಬ್ಬ ಎದುರಾಳಿಯನ್ನು ಔಟು ಮಾಡಿದಾಗ ಸರದಿಯಲ್ಲಿ ಮೊದಲಿದ್ದವನು ಎದ್ದು ಮತ್ತೆ ಒಳಗೆ ಬರುತ್ತಾನೆ. ಅನ್ಯ ಆಟಗಳಲ್ಲಿ ಇಂಥ ಪುನರ್ಜನ್ಮ ಅಪರೂಪ.

ಈಗ ಭಾನುವಾರಗಳಂದು ಡೊಂಬಿವಲಿಯ ಆ ಅಂಗಳಕ್ಕೆ ಒಬ್ಬ ಯುವಕ ಬರುತ್ತಾನೆ. ಎಡಮಂಡಿಗೆ ಪಟ್ಟಿ ಇರುತ್ತದೆ. ನಡಿಗೆಯಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ. ಮೊದಲ ಕೆಲವು ವಾರ ಅವನು ಗೋಡೆಯ ಬಳಿ, ಚೀಲಗಳ ಪಕ್ಕದಲ್ಲಿ ಸುಮ್ಮನೆ ಕುಳಿತು ಹೋದನಂತೆ. ಒಂದು ದಿನ ಮಾಸ್ತರರು ಏನೂ ಹೇಳದೆ ಸುಣ್ಣದ ಪುಡಿಯ ಡಬ್ಬವನ್ನು ಅವನ ಕೈಗಿತ್ತರು. ಅವನು ಬಗ್ಗಿ, ಒಳ್ಳೆಯ ಮಂಡಿಯನ್ನು ನೆಲಕ್ಕೂರಿ, ಮಧ್ಯರೇಖೆಯನ್ನು ಎಳೆದ. ಅನಂತರ ಹನ್ನೆರಡರ ಹುಡುಗರನ್ನು ಸಾಲಾಗಿ ನಿಲ್ಲಿಸಿ ಬೀಳುವುದನ್ನು ಹೇಳಿಕೊಡತೊಡಗಿದ: ಭುಜ ಒಳಗೆ, ಗದ್ದ ಎದೆಗೆ, ಅಂಗೈ ನೆಲಕ್ಕೆ ಊರಬಾರದು. ಮಾಸ್ತರರು ಕುರ್ಚಿಯಿಂದಲೇ ನೋಡುತ್ತಿದ್ದರು. ಗೆರೆ ಸ್ವಲ್ಪ ಸೊಟ್ಟಗಿತ್ತು. ಅವರು ಅದನ್ನು ತಿದ್ದಲಿಲ್ಲ.